ಬೀಜಿಲ್ಲದ ದ್ರಾಕ್ಷಿ

ಮಿಲ್ಡುರಾದಾಗ ಮುಂಜಾನಿ ಏಳಕ್ಕ
ಮರ್ವಿನ್ ಟ್ರೆಸೈಜ್ ಅನ್ನೋ ಎಂಬತ್ತಾರರ ಮುದುಕನ
ಮುಖ ತೊಳಿಯೂದು ನನ್ನ ಪಾಳಿ.
ಬೆಚ್ಚನ್ನ ನೀರು, ಮೆತ್ತನ್ನ ಅರಿವಿ,
ಮೊದಲು ಹಣಿ, ಆಮ್ಯಾಲ ಗಲ್ಲ,
ಕಡೀಕ ಬಲಗಣ್ಣಿನ ಮಗ್ಗಲ.
ಅಲ್ಲಿ ಕರೀ ಚುಕ್ಕಿ. ಹತ್ತಲ್ಲ, ಇಪ್ಪತ್ತಲ್ಲ.
ಎಳ್ಳು ಚೆಲ್ಲಿ ಯಾರೂ ಆರಿಸದಂಗ.

ಆಯ್ತವಾರ ಮಗಳು ಬಂದ್ಲು, ಗ್ವೆನಿತ್.
ಚಸ್ಮಾ ಏರಿಸಿ ಅಪ್ಪನ ಮುಖ ನೋಡಿದ್ಲು,
ಆಮ್ಯಾಲ ನನ್ನ ಕೈ ನೋಡಿದ್ಲು.
"ದಿನಾ ತೊಳೀತೀರಿ, ಹೌದಲ್ಲೊ?"
ಅಷ್ಟ. ಒಂದ ಮಾತು.
ಆ ಸಂಜಿ ಎರಡು ಸರ್ತಿ ತಿಕ್ಕಿದೆ, ಗಟ್ಟಿ.
ಮುದುಕ ಹಲ್ಲು ಕಚ್ಚಿ ಕೂತ.
ತೊಗಲು ಕೆಂಪಾತು. ಎಳ್ಳು ಅಲ್ಲೇ ಇತ್ತು.

ತಿಂಗಳಿಗೊಮ್ಮೆ ಅಡಿಲೇಡಿನಿಂದ ಬರೋ ತೊಗಲಿನ ಡಾಕ್ಟರು
ದೀಪದ ಭೂತಗನ್ನಡಿ ಹಿಡದು ನಕ್ಕಳು:
"ಬ್ಲ್ಯಾಕ್‌ಹೆಡ್ ಇವು. ಹೊಲಸಲ್ಲ. ತಿಕ್ಕಬ್ಯಾಡ್ರಿ.
ಬಿಸಿಲಿಗೆ ತೊಗಲು ಸಡ್ಲಾಗಿ ರಂಧ್ರ ಬಾಯಿ ತಗದಾವ,
ಒಳಗಿನ ಜಿಡ್ಡು, ಸತ್ತ ತೊಗಲಿನ ಹೊಟ್ಟು, ಎರಡೂ ಸೇರಿ
ಬೂಚು ಬಡದಂಗ ಕೂತಾವ.
ಬಾಯಿ ತೆರದೈತಿ, ಗಾಳಿ ತಾಗೇತಿ, ಕರ್ರಗಾಗೇತಿ.
ಸಿಗರೇಟು ಸೇದ್ಯಾರೇನು?"
"ಐವತ್ತು ವರ್ಷ" ಅಂದ ಮರ್ವ್, ಪಗಾರ ಹೇಳಿದಂಗ.
"ಬಲಕ್ಕ ಯಾಕ ಹೆಚ್ಚು?" ನಾ ಕೇಳಿದೆ.
ಆಕಿ ಕಿಡಕಿ ಹೊರಗ ನಿಂತ ಗಾಡಿಗೆ ಕೈ ಮಾಡಿದ್ಲು.
ಕಾಜು ಇಳಿಸಿ, ಮೊಳಕೈ ಹೊರಗ ಹಾಕಿ,
ತ್ವಾಟಕ್ಕೂ ಪ್ಯಾಟಿಗೂ ಐವತ್ತು ವರ್ಷ ಹೊಡದಾನ.
ಸ್ಟಿಯರಿಂಗಿನ ಮಗ್ಗಲಕ ಬಿಸಿಲು
ಟಿಕೇಟಿಲ್ಲದ ಕೂತು ಬಂದೈತಿ.

ಗಾಳಿ ತಾಗಿ ಕರ್ರಗಾಗೂದು ನನಗ ಹೊಸಾದಲ್ಲ.
ತಿಕೋಟಾದಾಗ ನಮ್ಮವ್ವ ಎಣ್ಣಿನೀರಾಗ ಅದ್ದಿ
ದ್ರಾಕ್ಷಿ ಹರವತಿದ್ಲು, ಶೆಡ್ಡಿನ ಜಾಳಗಿ ಮ್ಯಾಲ.
ಹಸರ ಇದ್ರ ರೊಕ್ಕ, ಕರ್ರಗಾದ್ರ ಬೈಗಳ.
ಮಾಲು ಕೊಳ್ಳಾಂವ ಮೂಗು ಮುರದು "ಹೊಲಸಾಗೇತಿ" ಅಂದ್ರ
ಅವ್ವ ಅವನ ಬಾಯಾಗೊಂದು ತುರುಕಿ
"ತಿನ್ನು, ಆಮ್ಯಾಲ ಮಾತಾಡು" ಅಂತಿದ್ಲು.
ಇದನ್ನ ಮರ್ವ್‌ಗ ಹೇಳಿದೆ. ಅವನೂ ಸುಲ್ತಾನಾ ಬೆಳದಾಂವ,
ಅವನ ತಂತಿ ರ್ಯಾಕಿಗೂ ಅದ ಎಣ್ಣಿನೀರು.
ಎಷ್ಟು ಸೋಡಾ, ಎಷ್ಟು ಎಣ್ಣಿ
ಅಂತ ಊಟದ ಹೊತ್ತಿನ ತನಕ ಜಗಳಾಡಿದ್ವಿ.

ರಾತ್ರಿ ಮುಲಾಮು, ಎ-ವಿಟಮಿನ್ನಿನ ಜಾತಿದು,
ಕಡ್ಲಿಕಾಳಷ್ಟು, ಒಂದು ದಿನ ಬಿಟ್ಟು ಒಂದು ದಿನ.
ಮೊದಲ ವಾರ ತೊಗಲು ತೌಡಿನಂಗ ಉದರಿತು,
ಮುದುಕ ನನಗ ಬೈದ, ಡಾಕ್ಟರಿಗೂ ಬೈದ.
ಒತ್ತಿ ಒತ್ತಿ ನೋಡ್ಯಾನಂತ ಅವನ ಉಗುರು ಕತ್ತರಿಸಿದೆ.
ಮುಂಜಾನಿ ಸನ್‌ಸ್ಕ್ರೀನು, ಜಿಡ್ಡಿಲ್ಲದ್ದು.
ಅಂಗಳಕ್ಕ ಹೊಂಟ್ರ ಅಗಲ ಅಂಚಿನ ಟೊಪಗಿ.
"ಈಗ್ಯಾಕ?" ಅಂದ.
"ಇನ್ನ ಎಷ್ಟು ಬ್ಯಾಸಗಿ ಅದಾವ ನನಗ?"
ಡಾಕ್ಟರು ಕೊಟ್ಟ ಚೀಟಿಯಾಗ ಇದಕ್ಕ ಏನೂ ಬರದಿರಲಿಲ್ಲ.
ಟೊಪಗಿ ಇಟ್ಟೆ.

ಮೂರನೇ ತಿಂಗಳು ಆಕಿ
ಉಕ್ಕಿನ ಸಣ್ಣ ಉಂಗುರ ತಂದ್ಲು, ಕಡ್ಡಿ ತುದಿಗೆ.
ಒಂದೊಂದ ಒತ್ತಿ ತಗದ್ಲು. ಸಡ್ಲಾಗಿದ್ವು,
ಮಾಗಿದ್ದು ತೊಟ್ಟು ಬಿಟ್ಟಂಗ ಬಂದ್ವು.
ಬಿಳೀ ಅರಿವಿ ಮ್ಯಾಲ ಹದಿನೇಳು.
ಮರ್ವ್ ಚಸ್ಮಾ ಬೇಡಿದ. ಭಾಳ ಹೊತ್ತು ನೋಡಿದ.
"ಅರವತ್ತು ಎಕರೆ ಬೆಳದೆ, ಎಲ್ಲಾ ಬೀಜಿಲ್ಲದ್ದು.
ಬೀಜ ಎಲ್ಲಿ ಹೋದ್ವು ಅಂತಿದ್ದೆ.
ಇಲ್ಲಿ ಅಡಗಿದ್ವು."

ಆ ಆಯ್ತವಾರ ಗ್ವೆನಿತ್ ಅಪ್ಪನ ಮುಖ ನೋಡಿ
ಏನೂ ಅನ್ನಲಿಲ್ಲ. ಅದೂ ಒಂದು ಮಾತ.
ಆಕಿ ಹೊಂಟಾಗ ಮುದುಕ ಟೊಪಗಿ ಹಾಕ್ಕೊಂಡು ಬಾಗಲಕ್ಕ ಬಂದ,
"ಕಾಜು ಏರಿಸ್ಕೊ, ಕ್ರೀಮು ಹಚ್ಕೊ" ಅಂತ ಒದರಿದ.
ಆಕಿ ಕಾಜು ಏರಿಸಲಿಲ್ಲ.
ಗಾಡಿ ತಿರುಗಿದಾಗ ಬಿಸಿಲಿಗೆ ನಿಚ್ಚಳ ಕಂಡಿತು,
ಬಲಗಣ್ಣಿನ ಮಗ್ಗಲ ಎರಡು ಎಳ್ಳು.
ನಾ ಎಂದೋ ನೋಡಿದ್ದೆ.
ದಿನಾ ತೊಳೀತೀರಿ ಹೌದಲ್ಲೊ ಅಂತ
ಕೇಳಿರಲಿಲ್ಲ.